ತೆರಿಗೆ ಪ್ರಶ್ನೋತ್ತರ: ಪಿಂಚಣಿಯ ಜೊತೆಗೊಂದು ಆನ್‌ಲೈನ್ ಮಾರಾಟ

ನಿವೃತ್ತಿಯ ನಂತರ ಆನ್‌ಲೈನ್‌ನಲ್ಲಿ ಸಣ್ಣ ಮಟ್ಟದ ಮಾರಾಟ ಮಾಡುತ್ತಿರುವ ಓದುಗರ ಪ್ರಶ್ನೆಗಳನ್ನು ಈ ಸಲ ಆರಿಸಿಕೊಂಡಿದ್ದೇವೆ. ಆದಾಯ ತೆರಿಗೆಯ ದರಗಳೂ ಸೆಕ್ಷನ್ ಸಂಖ್ಯೆಗಳೂ 2025-26ನೇ ಹಣಕಾಸು ವರ್ಷದವು, ಅಂದರೆ 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಬರುವ ಆದಾಯಕ್ಕೆ 2025ರ ಹೊಸ ಕಾಯ್ದೆ ಅನ್ವಯ. ಅದರಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ.

ಪ್ರಶ್ನೆ: ಮನೆ ಚಿಕ್ಕದು ಮಾಡಿಕೊಂಡೆವು. ಹಳೆಯ ಸೋಫಾ, ಫ್ರಿಜ್, ಪುಸ್ತಕಗಳು, ಎರಡು ವರ್ಣಚಿತ್ರ ಎಲ್ಲವನ್ನೂ ಆನ್‌ಲೈನ್‌ನಲ್ಲಿ ಮಾರಿದಾಗ 85,000 ರೂ. ಬಂತು. ಇದು ವ್ಯಾಪಾರದ ಆದಾಯವೇ?

ಅಲ್ಲ. ಸ್ವಂತಕ್ಕೆ ಬಳಸಿದ ಚರ ವಸ್ತುಗಳು ಕಾಯ್ದೆಯ ದೃಷ್ಟಿಯಲ್ಲಿ ಬಂಡವಾಳ ಆಸ್ತಿಯೂ ಅಲ್ಲ. ಹಾಗಾಗಿ ಸೋಫಾ, ಫ್ರಿಜ್, ಪುಸ್ತಕಗಳಿಂದ ಬಂದ ಹಣಕ್ಕೆ ತೆರಿಗೆ ಇಲ್ಲ. ವರ್ಣಚಿತ್ರಗಳ ಮಾತು ಬೇರೆ. ಒಡವೆ, ಚಿತ್ರ, ಶಿಲ್ಪ, ಕಲಾಕೃತಿಗಳನ್ನು ಕಾನೂನು ಈ ವಿನಾಯಿತಿಯಿಂದ ಹೊರಗಿಟ್ಟಿದೆ. 24 ತಿಂಗಳಿಗಿಂತ ಹೆಚ್ಚು ಕಾಲ ನಿಮ್ಮಲ್ಲಿದ್ದರೆ ಲಾಭದ ಮೇಲೆ ಶೇ 12.5 ತೆರಿಗೆ ಬೀಳುತ್ತದೆ. ಕೊಂಡಾಗಿನ ರಸೀದಿ ಇದ್ದರೆ ಹುಡುಕಿಟ್ಟುಕೊಳ್ಳಿ. ಇನ್ನು ಮುಂದೆ ಹಳೆಯ ಪುಸ್ತಕಗಳನ್ನು ಮಾರುವುದಕ್ಕೆಂದೇ ಕೊಂಡು ತರಲು ಶುರು ಮಾಡಿದರೆ, ಆ ದಿನದಿಂದ ಅದು ವ್ಯಾಪಾರ.

ಪ್ರಶ್ನೆ: ಕ್ರೋಶಾ ಚೀಲಗಳನ್ನು ಹೆಣೆದು ಒಂದು ಮಾರಾಟ ತಾಣದ ಮೂಲಕ ಮಾರುತ್ತೇನೆ. ವರ್ಷದ ಮಾರಾಟ 3,60,000 ರೂ. ತಾಣದ ಕಮಿಷನ್, ಕೊರಿಯರ್ ಕಳೆದು ಬ್ಯಾಂಕಿಗೆ ಬಂದಿದ್ದು 2,71,000. ನೂಲು, ಅಸ್ತರು, ಪ್ಯಾಕಿಂಗ್‌ಗೆ 1,11,000 ಖರ್ಚಾಗಿದೆ. ಪಿಂಚಣಿ 6,00,000, ಠೇವಣಿ ಬಡ್ಡಿ 1,20,000. ರಿಟರ್ನ್‌ನಲ್ಲಿ ಯಾವ ಮೊತ್ತ ತೋರಿಸಲಿ?

ವಹಿವಾಟು ಎಂದು ತೋರಿಸಬೇಕಾದದ್ದು 3,60,000. ಗ್ರಾಹಕರು ವಾಪಸ್ ಕಳಿಸಿದ ಮಾಲಿನ ಬೆಲೆಯನ್ನು ಮಾತ್ರ ಇದರಿಂದ ಕಳೆಯಬಹುದು. ಹೆಚ್ಚಿನವರು ಎಡವುವುದು ಇಲ್ಲೇ: ಪಾಸ್‌ಬುಕ್ ಮುಂದಿಟ್ಟುಕೊಂಡು 2,71,000 ಎಂದು ಬರೆದುಬಿಡುತ್ತಾರೆ. ತಾಣವು ಟಿಡಿಎಸ್ (ಹಣ ಕೊಡುವವರೇ ಮೊದಲು ಹಿಡಿದು ಇಲಾಖೆಗೆ ಕಟ್ಟುವ ತೆರಿಗೆ) ಕಡಿತ ಮಾಡಿದಾಗ ಇಲಾಖೆಗೆ ವರದಿ ಮಾಡುವುದು ಕಮಿಷನ್ ಕಳೆಯುವ ಮುಂಚಿನ ಮೊತ್ತವನ್ನು. ನಿಮ್ಮ ಹೆಸರಿನಲ್ಲಿ ಕಡಿತವಾದ ತೆರಿಗೆಯನ್ನು ಇಲಾಖೆ ತೋರಿಸುವ 26ಎಎಸ್ ಪಟ್ಟಿಯಲ್ಲಿ ಒಂದು ಅಂಕಿ, ನಿಮ್ಮ ರಿಟರ್ನ್‌ನಲ್ಲಿ ಅದಕ್ಕಿಂತ ಕಡಿಮೆ ಅಂಕಿ ಇದ್ದರೆ ವಿವರಣೆ ಕೇಳುತ್ತಾರೆ. ತಾಣದ ಮಾರಾಟಗಾರರ ಖಾತೆಯಿಂದ ಪ್ರತಿ ತಿಂಗಳ ಸೆಟಲ್‌ಮೆಂಟ್ ವರದಿ ಇಳಿಸಿಕೊಂಡು, ಒಟ್ಟು ಮಾರಾಟ, ವಾಪಸಾತಿ, ಕಮಿಷನ್, ಕೊರಿಯರ್, ಬ್ಯಾಂಕಿಗೆ ಬಂದದ್ದು ಎಂಬ ಐದು ಕಾಲಂ ಬರೆದಿಟ್ಟರೆ ಸಾಕು.

ನಿಮ್ಮ ವಿಷಯದಲ್ಲಿ ತಾಣ ಟಿಡಿಎಸ್ ಕಡಿತ ಮಾಡಬೇಕಾಗಿಯೇ ಇಲ್ಲ. ಸೆಕ್ಷನ್ 194-ಒ ಪ್ರಕಾರ ಒಂದು ತಾಣದಲ್ಲಿ ವ್ಯಕ್ತಿಯ ವರ್ಷದ ಮಾರಾಟ 5 ಲಕ್ಷ ಮೀರದಿದ್ದರೆ, ಪ್ಯಾನ್ ಅಥವಾ ಆಧಾರ್ ಕೊಟ್ಟಿದ್ದರೆ ಕಡಿತವಿಲ್ಲ. ಮೀರಿದರೆ ಶೇ 0.1. ಪ್ಯಾನ್, ಆಧಾರ್ ಎರಡನ್ನೂ ಕೊಡದಿದ್ದರೆ ಶೇ 5, ಅಂದರೆ ನಿಮ್ಮ ಮಾರಾಟಕ್ಕೆ 18,000 ರೂ.

ಇನ್ನು ಲಾಭ. ಸೆಕ್ಷನ್ 44ಎಡಿ ಪ್ರಕಾರ ಬ್ಯಾಂಕ್ ಮೂಲಕ ಬಂದ ವಹಿವಾಟಿನ ಶೇ 6 (ನಗದಾದರೆ ಶೇ 8) ಲಾಭವೆಂದು ತೋರಿಸಬಹುದು, ಲೆಕ್ಕಪುಸ್ತಕ ಬೇಡ. ಗ್ರಾಹಕ ಕೊರಿಯರ್‌ನವರಿಗೆ ನಗದು ಕೊಟ್ಟಿದ್ದರೂ ತಾಣ ನಿಮಗೆ ಬ್ಯಾಂಕಿನ ಮೂಲಕವೇ ಕಳಿಸಿದ್ದರೆ ಶೇ 6 ನಡೆಯುತ್ತದೆ. ಆ ಪ್ರಕಾರ ನಿಮ್ಮ ಲಾಭ 21,600. ಆದರೆ ನಿಜವಾಗಿ ಉಳಿದದ್ದು 1,60,000 ಎಂದು ನಿಮ್ಮ ಅಂಕಿಗಳೇ ಹೇಳುತ್ತಿವೆ. ಶೇ 6 ಎಂಬುದು ಕನಿಷ್ಠ. ಹೆಚ್ಚು ಗಳಿಸಿದ್ದರೆ ಹೆಚ್ಚನ್ನೇ ತೋರಿಸುವುದು ಸರಿ. ಹಾಗೆ ತೋರಿಸಿದರೂ ನಿಮಗೆ ನಷ್ಟವಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ (ದರ ಕಡಿಮೆ, ವಿನಾಯಿತಿಗಳೂ ಕಡಿಮೆ) ಪಿಂಚಣಿಯಿಂದ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 5,25,000. ಬಡ್ಡಿ 1,20,000, ಲಾಭ 1,60,000 ಸೇರಿಸಿದರೆ ಒಟ್ಟು 8,05,000. 12 ಲಕ್ಷದೊಳಗಿರುವುದರಿಂದ ಸೆಕ್ಷನ್ 87ಎ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆ. ಸೊನ್ನೆಯೆಂದು ರಿಟರ್ನ್ ಬಿಡುವಂತಿಲ್ಲ. ಒಟ್ಟು ಆದಾಯ 4 ಲಕ್ಷ ದಾಟಿದೆ.

ಇಷ್ಟು ವರ್ಷ ತುಂಬುತ್ತಿದ್ದ ಐಟಿಆರ್-1 ಈಗ ಆಗುವುದಿಲ್ಲ, ಐಟಿಆರ್-4 ಬೇಕು. ಅದರಲ್ಲಿ ಮಾರ್ಚ್ 31ರಂದು ಉಳಿದಿದ್ದ ಸ್ಟಾಕ್, ಕೈಯಲ್ಲಿದ್ದ ನಗದು, ಬರಬೇಕಾದ ಮತ್ತು ಕೊಡಬೇಕಾದ ಬಾಕಿ ಕೇಳುತ್ತಾರೆ. ಆ ದಿನವೇ ನೂಲಿನ ಉಂಡೆ, ಸಿದ್ಧ ಚೀಲಗಳನ್ನು ಎಣಿಸಿ ಬರೆದಿಡಿ. ತಿಂಗಳುಗಳ ಮೇಲೆ ನೆನಪಿನಿಂದ ತುಂಬುವುದು ಕಷ್ಟ. ಒಮ್ಮೆ 44ಎಡಿ ಹಿಡಿದು ಮುಂದಿನ ಐದು ವರ್ಷಗಳೊಳಗೆ ಶೇ 6ಕ್ಕಿಂತ ಕಡಿಮೆ ಲಾಭ ತೋರಿಸಿ ಹೊರಬಂದರೆ, ನಂತರದ ಐದು ವರ್ಷ ಆ ಸೌಲಭ್ಯ ಸಿಗುವುದಿಲ್ಲ. ಒಟ್ಟು ಆದಾಯ ತೆರಿಗೆರಹಿತ ಮಿತಿ ಮೀರಿದ್ದರೆ ಲೆಕ್ಕಪುಸ್ತಕದ ಜೊತೆ ಆಡಿಟ್ ಕೂಡ ಮಾಡಿಸಬೇಕಾಗುತ್ತದೆ.

ಪ್ರಶ್ನೆ: ನನಗೆ 66 ವರ್ಷ. ಪಿಂಚಣಿ 11,40,000, ಬಡ್ಡಿ 1,50,000. ಆನ್‌ಲೈನ್ ಮಾರಾಟ 5,00,000, ಲಾಭ 30,000. ಆ 30,000 ಸೇರಿಸಿದ್ದಕ್ಕೆ ತೆರಿಗೆ 31,200 ಹೆಚ್ಚಾಯಿತು, ಮೇಲೆ ಬಡ್ಡಿಯನ್ನೂ ಹಾಕಿದ್ದಾರೆ. ಹಿರಿಯರಿಗೆ ಮುಂಗಡ ತೆರಿಗೆ ಇಲ್ಲ ಅಲ್ಲವೇ?

ಲೆಕ್ಕ ಸರಿಯಾಗಿದೆ, ಆದರೆ ಕಾರಣವನ್ನು ಯಾರೂ ನಿಮಗೆ ಮೊದಲೇ ಹೇಳಲಿಲ್ಲ ಎಂಬುದು ಬೇಸರದ ಸಂಗತಿ. ಮಾರಾಟವಿಲ್ಲದಿದ್ದರೆ ನಿಮ್ಮ ಆದಾಯ 12,15,000. 12 ಲಕ್ಷ ಸ್ವಲ್ಪವೇ ಮೀರಿದವರಿಗೆ, ಮೀರಿದ ಮೊತ್ತಕ್ಕಿಂತ ಹೆಚ್ಚು ತೆರಿಗೆ ಹಾಕಬಾರದೆಂಬ ಅಂಚಿನ ರಿಯಾಯಿತಿ ಇದೆ. ಹಾಗಾಗಿ ತೆರಿಗೆ 15,000, ಶೇ 4 ಸೆಸ್ ಸೇರಿ 15,600. ಲಾಭ ಸೇರಿದಾಗ ಆದಾಯ 12,45,000. ಮೀರಿದ್ದು 45,000, ಸೆಸ್ ಸೇರಿ 46,800. ಈ ಅಂಚಿನಲ್ಲಿ, ಅಂದರೆ ಸುಮಾರು 12,70,500ರವರೆಗೆ, ಹೆಚ್ಚುವರಿ ಗಳಿಸಿದ ಪ್ರತಿ ರೂಪಾಯಿಯೂ ಪೂರ್ತಿ ತೆರಿಗೆಗೇ ಹೋಗುತ್ತದೆ. ನಿಮ್ಮ ಪಿಂಚಣಿಗೆ ಹಳೆಯ ಪದ್ಧತಿಯಲ್ಲಿ ಸಾಮಾನ್ಯ ವಿನಾಯಿತಿಗಳನ್ನೆಲ್ಲ ಕಳೆದರೂ ತೆರಿಗೆ ಲಕ್ಷ ದಾಟುತ್ತದೆ, ಅಲ್ಲಿಗೆ ಹೋಗಬೇಡಿ. ಅದೂ ಅಲ್ಲದೆ ವ್ಯಾಪಾರದ ಆದಾಯ ಇರುವವರು ಪದ್ಧತಿಯನ್ನು ವರ್ಷ ವರ್ಷ ಬದಲಿಸುವಂತಿಲ್ಲ: ಫಾರ್ಮ್ 10-ಐಇಎ ಕೊಟ್ಟು ಹಳೆಯದಕ್ಕೆ ಹೋದವರು ಹೊಸದಕ್ಕೆ ಒಮ್ಮೆ ಮಾತ್ರ ಮರಳಬಹುದು.

ಮುಂಗಡ ತೆರಿಗೆಯ ವಿನಾಯಿತಿ 60 ದಾಟಿದವರಿಗೆ ಇದೆ ನಿಜ, ಆದರೆ ವ್ಯಾಪಾರ ಅಥವಾ ವೃತ್ತಿಯ ಆದಾಯ ಇಲ್ಲದವರಿಗೆ ಮಾತ್ರ. 30,000 ಲಾಭ ಬಂದ ವರ್ಷವೇ ಆ ವಿನಾಯಿತಿ ಹೋಯಿತು. ಟಿಡಿಎಸ್ ಕಳೆದು ಬಾಕಿ 10,000 ಅಥವಾ ಹೆಚ್ಚಿದ್ದರೆ ಕಟ್ಟಲೇಬೇಕು. 44ಎಡಿಯವರಿಗೆ ನಾಲ್ಕು ಕಂತುಗಳ ಗೋಜಿಲ್ಲ. ಮಾರ್ಚ್ 15ರೊಳಗೆ ಒಂದೇ ಸಲ. ಇ-ಫೈಲಿಂಗ್ ಪೋರ್ಟಲ್‌ನ ಇ-ಪೇ ಟ್ಯಾಕ್ಸ್‌ನಲ್ಲಿ ಮುಂಗಡ ತೆರಿಗೆಯ ಸಂಕೇತ 100 ಆರಿಸಿ. 300 ಆರಿಸಿದರೆ ಅದು ಸ್ವಯಂ ನಿರ್ಧರಣೆಯ ತೆರಿಗೆಯಾಗಿ ದಾಖಲಾಗುತ್ತದೆ. ಟಿಡಿಎಸ್ 15,600 ಕಡಿತವಾಗಿ 31,200 ಬಾಕಿಯಿದ್ದು ಜುಲೈನಲ್ಲಿ ಕಟ್ಟಿದ್ದರೆ, ಕಂತು ತಪ್ಪಿದ್ದಕ್ಕೆ ಸೆಕ್ಷನ್ 234ಸಿ ಅಡಿ 312 ಮತ್ತು ಮುಂಗಡ ತೆರಿಗೆ ಕಟ್ಟದ್ದಕ್ಕೆ 234ಬಿ ಅಡಿ ನಾಲ್ಕು ತಿಂಗಳಿಗೆ 1,248 ರೂ. ಬಡ್ಡಿ ಬೀಳುತ್ತದೆ.

75 ದಾಟಿದವರಿಗೂ ಒಂದು ಮಾತು. ಪಿಂಚಣಿ ಮತ್ತು ಅದೇ ಬ್ಯಾಂಕಿನ ಬಡ್ಡಿ ಮಾತ್ರ ಇದ್ದರೆ ಬ್ಯಾಂಕೇ ತೆರಿಗೆ ಕಡಿತ ಮಾಡಿ, ರಿಟರ್ನ್‌ನಿಂದ ಮುಕ್ತಿ ಕೊಡುವ 194ಪಿ ವ್ಯವಸ್ಥೆ ಇದೆ. ಮಾರಾಟದ ಆದಾಯ ಶುರುವಾದರೆ ಅದೂ ಸಿಗುವುದಿಲ್ಲ. ಬ್ಯಾಂಕಿಗೆ ಘೋಷಣೆ ಕೊಡುವ ಮುನ್ನ ಇದನ್ನು ನೆನಪಿಡಿ.

ಪ್ರಶ್ನೆ: ತಾಣದವರು ಜಿಎಸ್‌ಟಿ ಸಂಖ್ಯೆ ಕೇಳುತ್ತಾರೆ. 40 ಲಕ್ಷದವರೆಗೆ ಬೇಡವೆಂದು ಕೇಳಿದ್ದೆವು.

ಕರ್ನಾಟಕದಲ್ಲಿ ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ಎಂಬ ಮಿತಿ ಸರಿ. ತಾಣದ ಮೂಲಕ ಸರಕು ಮಾರುವವರಿಗೆ ಮೊದಲು ಈ ಮಿತಿ ಅನ್ವಯಿಸುತ್ತಿರಲಿಲ್ಲ. 2023ರ ಅಕ್ಟೋಬರ್ 1ರಿಂದ, ಒಂದೇ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರು ನೋಂದಣಿಯಿಲ್ಲದೆ ಮಾರಬಹುದು. ಆದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ದಾಖಲಾತಿ ಸಂಖ್ಯೆ ಪಡೆದು ತಾಣಕ್ಕೆ ಕೊಡಬೇಕು. ತಾಣದ ಮೂಲಕ ಹೊರರಾಜ್ಯಕ್ಕೆ ಒಂದೇ ಒಂದು ಚೀಲ ಕಳಿಸಿದರೂ ನೋಂದಣಿ ಕಡ್ಡಾಯ. ಆದ್ದರಿಂದ ಮಾರಾಟಗಾರರ ಖಾತೆಯಲ್ಲಿ ರವಾನೆಯ ವ್ಯಾಪ್ತಿ ಕರ್ನಾಟಕಕ್ಕೆ ಸೀಮಿತವಾಗಿದೆಯೇ ಎಂದು ಮೊದಲು ನೋಡಿ. ಆ ಆಯ್ಕೆ ಕೊಡದ ತಾಣವಾದರೆ ನೋಂದಣಿ ಮಾಡಿಸುವುದೇ ದಾರಿ. ತೆರಿಗೆಮುಕ್ತವಾದ ಮುದ್ರಿತ ಪುಸ್ತಕಗಳನ್ನು ಮಾತ್ರ ಮಾರುವವರಿಗೆ ನೋಂದಣಿ ಬೇಕಿಲ್ಲ.

ಪ್ರಶ್ನೆ: ನಾನು ಏನನ್ನೂ ಮಾರುವುದಿಲ್ಲ. ಬೇರೆಯವರ ವಸ್ತುಗಳ ಲಿಂಕ್ ಹಂಚಿ ಕಮಿಷನ್ ಪಡೆಯುತ್ತೇನೆ. ಶೇ 6 ತೋರಿಸಬಹುದೇ?

ಬೇಡ. ಕಮಿಷನ್ ಆದಾಯಕ್ಕೆ 44ಎಡಿ ಅನ್ವಯಿಸುವುದಿಲ್ಲ. ಐಟಿಆರ್-3ರಲ್ಲಿ ಪೂರ್ತಿ ಕಮಿಷನ್ ತೋರಿಸಿ, ಇಂಟರ್ನೆಟ್, ಫೋನ್ ಖರ್ಚಿನಲ್ಲಿ ಈ ಕೆಲಸಕ್ಕೆ ಸೇರಿದ ಭಾಗವನ್ನು ಬಿಲ್ ಸಮೇತ ಕಳೆಯಿರಿ. ಮುಂಗಡ ತೆರಿಗೆ ಬಂದರೆ ನಿಮಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ರಂದು ನಾಲ್ಕು ಕಂತು.