ಅಂಧ ಮಕ್ಕಳ ಶಾಲೆಯಲ್ಲಿ ಸ್ವಯಂಸೇವೆ: ಬ್ರೈಲ್ ಬಾರದವರು ಏನು ಮಾಡಬಹುದು?

ಬೆಂಗಳೂರಿನಲ್ಲಿ ಕೆಲಸ, ಶನಿವಾರ ಬಿಡುವು, ಅಂಧ ಮಕ್ಕಳ ಶಾಲೆಗೆ ಹೋಗುವ ಮನಸ್ಸಿದೆ, ಆದರೆ ಬ್ರೈಲ್ (ಬೆರಳಿನಿಂದ ಮುಟ್ಟಿ ಓದುವ ಉಬ್ಬು ಚುಕ್ಕಿಗಳ ಲಿಪಿ) ಬರುವುದಿಲ್ಲ, ಹೋದರೆ ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ. ಹುಟ್ಟುಹಬ್ಬದ ಊಟ ಹಾಕಿಸುವವರು ಇಂಥ ಶಾಲೆಗಳಿಗೆ ಸಿಗುತ್ತಾರೆ. ಸಿಗದಿರುವುದು, ಅಚ್ಚಿನಲ್ಲಿರುವ ಪಾಠವನ್ನು ಮಕ್ಕಳ ಕಿವಿಗೋ ಬೆರಳಿಗೋ ತಲುಪಿಸುವವರು. ಆ ಕೆಲಸಕ್ಕೆ ಬೇಕಾದದ್ದು ನಿಮ್ಮ ಕಣ್ಣು, ಕನ್ನಡ ಮತ್ತು ತಪ್ಪದೆ ಬರುವ ಎರಡು ಗಂಟೆ.

ಮೊದಲು ಫೋನ್ ಮಾಡಿ. ‘ಮಕ್ಕಳಿಗೆ ಏನಾದ್ರೂ ಮಾಡ್ಬೇಕು ಅಂತಿದೀನಿ ಸರ್’ ಎಂದರೆ ಮುಖ್ಯೋಪಾಧ್ಯಾಯರಿಗೆ ಏನು ಹೇಳಬೇಕೆಂದು ತೋಚುವುದಿಲ್ಲ. ‘ಪ್ರತಿ ಶನಿವಾರ ಎರಡು ಗಂಟೆ, ಈ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಬರ್ತೀನಿ. ಯಾವ ತರಗತಿಯ ಯಾವ ಪುಸ್ತಕ ಇನ್ನೂ ಮಕ್ಕಳಿಗೆ ಸಿಕ್ಕಿಲ್ಲ?’ ಎಂದು ಕೇಳಿ. ಗುರುತಿನ ಚೀಟಿ, ಕೆಲವು ಕಡೆ ಪೊಲೀಸ್ ಪರಿಶೀಲನೆ ಕೇಳುತ್ತಾರೆ. ಬೇಸರಪಡಬೇಡಿ, ಮಕ್ಕಳಿರುವ ಜಾಗದಲ್ಲಿ ಅದು ಇರಲೇಬೇಕು. ಫೋಟೊ ತೆಗೆಯುವುದು ಬೇಡ.

ಈಗ ಮುಖ್ಯ ಕೆಲಸ. ಕಂಪ್ಯೂಟರ್ ಬಳಸುವ ಮಕ್ಕಳು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಪರದೆಯಲ್ಲಿರುವುದನ್ನು ಕೇಳಿಸಿಕೊಳ್ಳುತ್ತಾರೆ. ಅದು ಕನ್ನಡವನ್ನೂ ಓದುತ್ತದೆ, ಆದರೆ ಯೂನಿಕೋಡ್ ಕನ್ನಡವನ್ನು, ಅಂದರೆ ಎಲ್ಲ ಕಂಪ್ಯೂಟರ್, ಫೋನುಗಳಿಗೂ ಕನ್ನಡವೆಂದೇ ಗೊತ್ತಾಗುವ ಅಕ್ಷರಗಳನ್ನು ಮಾತ್ರ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಾದ ನೋಟ್ಸ್‌ಗಳಲ್ಲಿ ನಮಗೆ ಕನ್ನಡ ಕಾಣುತ್ತದೆ, ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಮಗುವಿಗೆ ಕೇಳಿಸುವುದು ಬರೀ ಕಲಸುಮೇಲೋಗರ. ಪರೀಕ್ಷೆ ಸುಲಭ: ಒಂದು ಸಾಲನ್ನು ನಕಲು ಮಾಡಿ ವಾಟ್ಸ್ಆ್ಯಪ್‌ಗೆ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಸರಿ, ಇಲ್ಲವಾದರೆ ಫಾಂಟ್ ಬದಲಿಸುವ ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಯೂನಿಕೋಡ್ ಮಾಡಬೇಕು. ಬಳಿಕ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ.

ಸ್ಕ್ಯಾನ್ ಮಾಡಿದ ಪುಟಗಳಾದರೆ ಗೂಗಲ್ ಡ್ರೈವ್‌ಗೆ ಏರಿಸಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಪಠ್ಯ ಸಿಗುತ್ತದೆ. ಹತ್ತು ಹತ್ತು ಪುಟದಂತೆ ಮಾಡಿಕೊಳ್ಳಿ. ಪ-ಷ, ಮ-ವ, ದ-ಧ ಅದಲುಬದಲಾಗುತ್ತವೆ, ಅನುಸ್ವಾರದ ಜಾಗದಲ್ಲಿ ಸೊನ್ನೆ ಬಂದು ಕೂರುತ್ತದೆ. ನಮ್ಮ ಕಣ್ಣು ಅದನ್ನು ಹಾರಿಸಿಕೊಂಡು ಓದುತ್ತದೆ, ಯಂತ್ರ ಪದದ ನಡುವೆ ‘ಸೊನ್ನೆ’ ಎಂದೇ ಓದುತ್ತದೆ. ಅದಕ್ಕೇ ತಿದ್ದಿದ ಮೇಲೆ ಒಮ್ಮೆ ಎನ್‌ವಿಡಿಎಯಲ್ಲೇ ಕೇಳಿ ನೋಡಿ. ಕೋಷ್ಟಕಗಳನ್ನು ವಾಕ್ಯಗಳಾಗಿ ಬಿಡಿಸಿ ಬರೆಯಿರಿ.

ಓದಿ ರೆಕಾರ್ಡ್ ಮಾಡುವುದಾದರೆ ಫ್ಯಾನ್ ಆರಿಸಿ, ಪಾಠಕ್ಕೊಂದು ಫೈಲ್ ಮಾಡಿ, ಪುಟಸಂಖ್ಯೆ ಹೇಳುತ್ತಾ ಹೋಗಿ. ನಾಟಕೀಯ ಧ್ವನಿ ಬೇಡ. ಅಂಗವಿಕಲರಿಗಾಗಿ ಲಾಭದ ಉದ್ದೇಶವಿಲ್ಲದೆ ಹೀಗೆ ಮಾಡಿಕೊಡಲು 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ಅವಕಾಶವಿದೆ. ಹಾಗೆಂದು ಅದನ್ನು ಯೂಟ್ಯೂಬಿಗೆ ಹಾಕುವಂತಿಲ್ಲ.

ಕೈಕೆಲಸ ಬಲ್ಲವರಾದರೆ ಮುಟ್ಟಿ ಓದುವ ನಕ್ಷೆ ಮಾಡಿಕೊಡಿ. ಕರ್ನಾಟಕದ ನಕ್ಷೆಯನ್ನೇ ತೆಗೆದುಕೊಳ್ಳಿ: ಎ4 ಅಳತೆಯ ದಪ್ಪ ರಟ್ಟು, ಗಡಿಗೆ ಸೆಣಬಿನ ಹುರಿ, ನದಿಗೆ ತೆಳು ನೂಲು, ಊರಿಗೆ ಬಿಂದಿ. ಫೆವಿಕಾಲ್ ರಾತ್ರಿಯಿಡೀ ಒಣಗಲಿ, ಇಲ್ಲದಿದ್ದರೆ ಮೊದಲ ಮಗುವಿನ ಬೆರಳಿಗೇ ಕಾವೇರಿ ಅಂಟಿಕೊಂಡು ಬರುತ್ತಾಳೆ. ಬಲಗಡೆಯ ಮೇಲ್ತುದಿಯನ್ನು ಓರೆಯಾಗಿ ಕತ್ತರಿಸಿದರೆ ರಟ್ಟನ್ನು ಹೇಗೆ ಹಿಡಿಯಬೇಕೆಂದು ಗೊತ್ತಾಗುತ್ತದೆ. ನದಿ, ಜಿಲ್ಲೆ, ಬೆಟ್ಟ ಎಲ್ಲವನ್ನೂ ಒಂದೇ ರಟ್ಟಿಗೆ ತುರುಕುವುದೇ ಎಲ್ಲರೂ ಮಾಡುವ ತಪ್ಪು. ಗೆರೆಗಳು ಬೆರಳಿನಗಲಕ್ಕಿಂತ ಹತ್ತಿರವಾದರೆ ಒಂದರೊಳಗೊಂದು ಕಲಸಿಹೋಗುತ್ತವೆ. ನದಿಗೊಂದು ನಕ್ಷೆ, ಜಿಲ್ಲೆಗಳಿಗೊಂದು ಮಾಡಿ.

ಬ್ರೈಲ್ ಕಲಿಯಲು ಆಸೆಯಿದ್ದರೆ ಮಕ್ಕಳ ಹತ್ತಿರವೇ ಕಲಿಯಿರಿ. ಒಂದು ಮನೆಗೆ ಆರು ಚುಕ್ಕಿ, ಅಷ್ಟೆ: ಎಡಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ 1, 2, 3, ಬಲಸಾಲಿನಲ್ಲಿ 4, 5, 6. ‘ಅಕ್ಕ’ ಎಂದು ಬರೆಯಲು ನಾಲ್ಕು ಮನೆ ಬೇಕು: ಒಂದನೇ ಚುಕ್ಕಿ ‘ಅ’, ನಾಲ್ಕನೇ ಚುಕ್ಕಿ ಹಲಂತ (ಸ್ವರವಿಲ್ಲದ ವ್ಯಂಜನದ ಗುರುತು), ಆಮೇಲೆ 1-3 ಚುಕ್ಕಿಗಳ ‘ಕ’ ಎರಡು ಸಲ. ಒತ್ತು ಕೆಳಗೆ ಬರುವುದಿಲ್ಲ. ಬ್ರೈಲ್ ಸ್ಲೇಟಿನಲ್ಲಿ (ಹಾಳೆ ಸಿಕ್ಕಿಸಿ ಮೊಳೆಯಿಂದ ಚುಕ್ಕಿ ಒತ್ತುವ ಚೌಕಟ್ಟು) ಬಲದಿಂದ ಎಡಕ್ಕೆ ಚುಚ್ಚಿ, ಹಾಳೆ ತಿರುಗಿಸಿ ಎಡದಿಂದ ಬಲಕ್ಕೆ ಓದುತ್ತಾರೆ. ಅಭ್ಯಾಸಕ್ಕೆ ಹಳೆಯ ಕ್ಯಾಲೆಂಡರ್ ಹಾಳೆಗಳು ಬರುತ್ತವೆ, ದಪ್ಪಗಿದ್ದರೆ ಮಾತ್ರ. ತೆಳು ಹಾಳೆಯಲ್ಲಿ ಚುಕ್ಕಿ ಹರಿದುಹೋಗುತ್ತದೆ.

ನಡೆನುಡಿಯಲ್ಲಿ ಕೆಲವು ವಿಷಯ. ಪ್ರತಿ ಸಲವೂ ನಿಮ್ಮ ಹೆಸರು ಹೇಳಿ ಮಾತು ಶುರು ಮಾಡಿ. ‘ನಾನ್ಯಾರು ಹೇಳು ನೋಡೋಣ?’ ಎಂದು ಕೇಳಬೇಡಿ. ಅದು ಮಗುವಿಗೆ ಆಟವಲ್ಲ, ಪರೀಕ್ಷೆ. ಕೈ ಹಿಡಿದು ಎಳೆಯಬೇಡಿ, ಬೇಕೇ ಎಂದು ಕೇಳಿ ನಿಮ್ಮ ಮೊಣಕೈ ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಮೆಟ್ಟಿಲ ಮುಂದೆ ನಿಂತು ಹತ್ತುವುದೋ ಇಳಿಯುವುದೋ ಹೇಳಿ. ಬಾಗಿಲನ್ನು ಪೂರ್ತಿ ತೆರೆದಿಡಿ ಇಲ್ಲವೇ ಪೂರ್ತಿ ಮುಚ್ಚಿ, ಅರ್ಧ ತೆರೆದ ಬಾಗಿಲಿನ ಅಂಚು ನೇರ ಹಣೆಗೆ ಬಡಿಯುತ್ತದೆ.

ಪರೀಕ್ಷೆ ಬರೆದುಕೊಡುವ ಬಗ್ಗೆಯೂ ಕೇಳಿದ್ದೀರಿ. ಕೇಂದ್ರದ 2018ರ ಮಾರ್ಗಸೂಚಿಯಲ್ಲಿ, ಅಭ್ಯರ್ಥಿ ತಾನೇ ಕರೆತರುವ ಬರಹಗಾರರ (ಅಭ್ಯರ್ಥಿ ಹೇಳಿದ್ದನ್ನು ಬರೆದುಕೊಡುವವರ) ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಹಂತ ಕಡಿಮೆ ಇರಬೇಕು ಎಂದಿತ್ತು; 2025ರಲ್ಲಿ ಹೊಸ ಮಾರ್ಗಸೂಚಿ ಬಂದಿದೆ. ಪದವೀಧರರಾದ ನೀವು ಎಸ್ಸೆಸ್ಸೆಲ್ಸಿ ಮಗುವಿಗೆ ಬರೆಯುತ್ತೇನೆಂದು ಹೊರಟರೆ ಪರೀಕ್ಷಾ ಕೇಂದ್ರದಲ್ಲೇ ತಡೆಯಬಹುದು. ಹತ್ತಿರದ ಶಾಲೆಯಿಂದ ಕೆಳಗಿನ ತರಗತಿಯವರನ್ನು ಜನವರಿಯೊಳಗೇ ಒಪ್ಪಿಸಿಕೊಡಿ, ಯಾವ ತರಗತಿಯವರು ಆಗಬಹುದೆಂದು ತಿಳಿಯಲು ಪರೀಕ್ಷಾ ಮಂಡಳಿಯ ಆ ವರ್ಷದ ಸುತ್ತೋಲೆಯನ್ನು ಶಾಲೆಯಲ್ಲಿ ಕೇಳಿ ನೋಡಿ. ನೀವು ಮಾಡಬಹುದಾದದ್ದು ಅಣಕು ಪರೀಕ್ಷೆ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಿಗುವುದರಿಂದ ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆ ಕೂರಿಸಿ. ಪ್ರಶ್ನೆಯನ್ನು ಎರಡು ಸಲ ಓದಿ, ಮಗು ಹೇಳಿದಂತೆಯೇ ಬರೆಯಿರಿ, ವಾಕ್ಯ ತಿದ್ದಬೇಡಿ. ‘ಪ್ಯಾರಾ ಬದಲಿಸಿ’, ‘ಇದಕ್ಕೆ ಅಡಿಗೆರೆ ಎಳೀರಿ’, ‘ಈಗ ಬರೆದಿದ್ದು ಓದಿ’ ಎಂದು ಅಧಿಕಾರದಿಂದ ಹೇಳುವ ರೂಢಿ ಮಗುವಿಗೆ ಆಗಬೇಕು. ಸಂಕೋಚದಿಂದ ಓದಿಸಿ ಕೇಳದೆ, ಬಿಟ್ಟುಹೋದ ಉಪಪ್ರಶ್ನೆಗಳಿಗೇ ಅಂಕ ಕಳೆದುಕೊಳ್ಳುವ ಮಕ್ಕಳಿದ್ದಾರೆ.