ಜಡೆ ಹೆಣೆಯಲಾಗದ ಕೈ

ಪತ್ರ: ನನ್ನ ಹೆಂಡತಿಗೆ ಒಂಬತ್ತು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಬೆರಳು ಮಡಚುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಹೇಗೋ ರೊಟ್ಟಿ ಬಡಿಯುತ್ತಾಳೆ. ಮಾತ್ರೆ ಚೀಟಿ, ರಕ್ತಪರೀಕ್ಷೆ ವರದಿ ಎಲ್ಲ ಹಿಡಿದು ಅಂಗವಿಕಲರ ಶಿಬಿರಕ್ಕೆ ಹೋದರೆ ‘ಈ ಕಾಯಿಲೆ ಪಟ್ಟಿಯಲ್ಲೇ ಇಲ್ಲ’ ಎಂದರು. ಕೈಬಿಡೋಣವೇ?
ಓದುಗರು, ಹರಿಹರ

ಉತ್ತರ: ಖಂಡಿತ ಕೈಬಿಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಸಂಧಿವಾತದ ಹೆಸರಿಲ್ಲ, ನಿಜ. ಕೈಕಾಲಿನ ಚಲನೆಯ ವೈಕಲ್ಯ ಇದೆಯಲ್ಲ! ಕೀಲು ಹಾಳಾಗಿದ್ದರೆ ಅಳೆಯಬೇಕಾದದ್ದು ಅದರಡಿಯಲ್ಲೇ. ಸುಳ್ಳು ಸರ್ಟಿಫಿಕೇಟಿನವರೂ ಇದ್ದಾರೆ, ತಪಾಸಣೆ ಬಿಗಿಯಾಗಿರಲಿ, ಒಪ್ಪೋಣ. ಆ ಬಿಗಿ ನಿಜವಾಗಿ ನರಳುವವರ ಕುತ್ತಿಗೆಗೇ ಬರುತ್ತಿದೆ ಎನ್ನುವುದು ನನ್ನ ಸಂಕಟ.

ನೀವೂ ಒಂದು ಕಡೆ ಎಡವಿದ್ದೀರಿ. ರಕ್ತಪರೀಕ್ಷೆ ಕಾಯಿಲೆಯನ್ನು ಹೇಳುತ್ತದೆ, ಕೈಯ ಸ್ಥಿತಿಯನ್ನಲ್ಲ. ವೈಕಲ್ಯ ಅಳೆಯುವ ಮಾರ್ಗಸೂಚಿಯಲ್ಲಿ ಕೈಗೆಂದೇ ಹತ್ತು ಕೆಲಸಗಳಿವೆ: ಕೈಯಲ್ಲಿ ಕಲಸಿ ಉಣ್ಣುವುದು, ತಲೆ ಬಾಚಿ ಜಡೆ ಹೆಣೆಯುವುದು, ಗುಂಡಿ ಹಾಕುವುದು, ಲೋಟ ಎತ್ತಿ ನೀರು ಕುಡಿಯುವುದು, ಶೌಚದ ನಂತರ ತೊಳೆದುಕೊಳ್ಳುವುದು, ಬರೆಯುವುದು, ಹೀಗೆ. ಮಾಡಲಾಗದ ಒಂದೊಂದಕ್ಕೆ 9 ಅಂಕ. ಕೀಲು ಎಷ್ಟು ಡಿಗ್ರಿ ಮಡಚುತ್ತದೆ, ಸ್ನಾಯುವಿನ ಬಲವೆಷ್ಟು, ಹಿಡಿತ ಹೇಗಿದೆ ಎಂಬುದರ ಜೊತೆ ಇವನ್ನು ಸೂತ್ರದಂತೆ ಸೇರಿಸುತ್ತಾರೆ. ಸೌಲಭ್ಯ ಸಿಗಲು ಒಟ್ಟು ವೈಕಲ್ಯ ಶೇ 40 ಮುಟ್ಟಬೇಕು.

ಹಾಗಾಗಿ ಮೊದಲು ಮೂಳೆ ವೈದ್ಯರಿಂದ ಮಣಿಕಟ್ಟು, ಮೊಣಕೈ, ಭುಜದ ಡಿಗ್ರಿ ಲೆಕ್ಕ ಬರೆಸಿ, ಕೈಯ ಹೊಸ ಎಕ್ಸ್‌ರೇ ತೆಗೆಸಿ. ಬೆಳಗಿನ ಬಿಗಿತ ಎಷ್ಟು ಗಂಟೆ ಇರುತ್ತದೆಂದು ಒಪಿಡಿ ಚೀಟಿಯಲ್ಲೇ ದಾಖಲಾಗಲಿ. ಪರೀಕ್ಷೆಯ ದಿನವೆಂದು ಮಾತ್ರೆ ತಪ್ಪಿಸಬೇಡಿ. ಆದರೆ ‘ಹೇಗೋ ಮಾಡ್ಕೋತೀನಿ ಸರ್’ ಎಂದು ಆ ತಾಯಿ ಹೇಳದಿರಲಿ. ನಮ್ಮ ಹೆಣ್ಣುಮಕ್ಕಳ ಶೇಕಡಾವಾರು ಕುಸಿಯುವುದೇ ಈ ಮಾತಿನಿಂದ.

ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಚೀಟಿಯ ಅರ್ಜಿಯನ್ನು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲೇ ಹಾಕಿ. ತಿರಸ್ಕರಿಸಿದರೆ ಬಾಯಿಮಾತಿಗೆ ವಾಪಸ್ ಬರಬೇಡಿ. ಕಾರಣವನ್ನು ಬರಹದಲ್ಲಿ ಕೊಡಬೇಕೆಂಬ ನಿಯಮವಿದೆ, ಆ ಕಾಗದ ಹಿಡಿದು ಅದೇ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿ ಹಾಕಬಹುದು. ಸರ್ಟಿಫಿಕೇಟು ‘ತಾತ್ಕಾಲಿಕ’ ಎಂದಿದ್ದರೆ ಅವಧಿ ಮುಗಿಯುವ ಮುಂಚೆ ನವೀಕರಿಸಿ. ಪಿಂಚಣಿಗೆ ನಾಡಕಚೇರಿಯ ಆದಾಯ ಪ್ರಮಾಣಪತ್ರವೂ ಬೇಕು.

ಪಟ್ಟಿ ಸೇರಿದವರ ಪಾಡೂ ಅಷ್ಟಕ್ಕಷ್ಟೇ. ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಇರುವವರಿಗಾಗಿ ದುಡಿಯುವ ಸೊಸೈಟಿ ನಮ್ಮ ದಾವಣಗೆರೆಯಲ್ಲೇ ಇದೆ. ಆ ಕಾಯಿಲೆ 2016ರ ಪಟ್ಟಿಯಲ್ಲಿದೆ, ಸರ್ಕಾರಿ ನೌಕರಿಯ ಶೇ 4ರ ಮೀಸಲಾತಿಯಲ್ಲಿಲ್ಲ. ಒಳಗೇ ರಕ್ತ ಸೋರಿ ಸೋರಿ ಮಂಡಿ ಸೆಟೆದುಕೊಂಡ ಮೇಲಷ್ಟೇ ಆ ಕಾಯಿಲೆಯ ಹುಡುಗನಿಗೆ ಕೈಕಾಲಿನ ವೈಕಲ್ಯದ ಹೆಸರಿನಲ್ಲಿ ಬಾಗಿಲು ತೆರೆಯುತ್ತದೆ. ಮಂಡಿ ಉಳಿಸಿಕೊಳ್ಳಲು ಹೆಣಗುತ್ತಿರುವವನಿಗೆ ಆ ಮೀಸಲಾತಿಯಲ್ಲಿ ಏನೂ ಇಲ್ಲ.