ಹನ್ನೊಂದನೇ ಪ್ಯಾರಾದಲ್ಲಿ ಸಿಕ್ಕ ತೆಪ್ಪ

ನಮಸ್ಕಾರ.

ನಿಮ್ಮ ‘ಹಂಪಿ: ಗತವೈಭವದ ಮಡಿಲಲ್ಲಿ ಎರಡು ದಿನ’ ಲೇಖನ ತಲುಪಿದೆ. ಪೂರ್ತಿ ಓದಿದೆ. ಪ್ರಕಟಿಸುವುದಿಲ್ಲ. ಸಾಮಾನ್ಯವಾಗಿ ಇಷ್ಟು ಹೇಳಿ ಸುಮ್ಮನಾಗುತ್ತೇನೆ. ಆದರೆ ಹನ್ನೊಂದನೇ ಪ್ಯಾರಾದಲ್ಲಿ ನಿಮಗೆ ಗೊತ್ತಿಲ್ಲದೆ ಒಂದು ಒಳ್ಳೇ ಕೆಲಸ ಮಾಡಿಬಿಟ್ಟಿದ್ದೀರಿ. ಅದಕ್ಕೇ ಈ ಉದ್ದದ ಉತ್ತರ. ಸ್ವಲ್ಪ ಖಾರ ಇದೆ, ಬೇಜಾರು ಮಾಡ್ಕೋಬೇಡಿ.

ಮೊದಲು ಮೇಲ್ ವಿಷಯ. ವಿಳಾಸದ ಸಾಲಿನಲ್ಲಿ ನಮ್ಮದೂ ಸೇರಿ ಆರು ಪತ್ರಿಕೆಗಳಿದ್ದವು. ಲಗ್ನಪತ್ರಿಕೆಯನ್ನು ಹಾಗೆ ಹಂಚಬಹುದು. ಲೇಖನವನ್ನು ಹಂಚಿದರೆ ಎರಡು ಕಡೆ ಅಚ್ಚಾಗಿ, ಇಬ್ಬರು ಸಂಪಾದಕರೂ ನಿಮ್ಮ ಹೆಸರನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ, ಬೇಡದ ಕಾರಣಕ್ಕೆ.

ಇನ್ನು ಲೇಖನ. ಶುಕ್ರವಾರ ರಾತ್ರಿ ಐವರು ಗೆಳೆಯರ ಜೊತೆ ಹಂಪಿ ಎಕ್ಸ್‌ಪ್ರೆಸ್ ಹತ್ತುತ್ತೀರಿ. ಒಬ್ಬರು ಚಾರ್ಜರ್ ಮರೆತಿದ್ದಾರೆ. ಇನ್ನೊಬ್ಬರು ಗೊರಕೆ ಹೊಡೆಯುತ್ತಾರೆ. ಹೊಸಪೇಟೆಯಲ್ಲಿ ಇಳಿದು ಇಡ್ಲಿ ತಿನ್ನುತ್ತೀರಿ. ಅಷ್ಟು ಹೊತ್ತಿಗೆ ನಾಲ್ಕು ಪ್ಯಾರಾ ಮುಗಿದಿದೆ, ನನ್ನ ಕಾಫಿಯೂ ಮುಗಿದಿದೆ. ಓದುಗರಿಗೆ ನಿಮ್ಮ ಗೆಳೆಯರ ಪರಿಚಯ ಇಲ್ಲ. ಅವರ ಗೊರಕೆ ಕಟ್ಟಿಕೊಂಡು ಏನಾಗಬೇಕು?

ಆಮೇಲೆ ಹಂಪಿ ಬರುತ್ತದೆ. ಬಂದ ಕೂಡಲೇ ಮುತ್ತು ರತ್ನಗಳನ್ನು ಬೀದಿಯಲ್ಲಿ ಸೇರಿನಲ್ಲಿ ಅಳೆದು ಮಾರುತ್ತಾರೆ. ಕಲ್ಲು ಕಲ್ಲೂ ಕಥೆ ಹೇಳುತ್ತದೆ. ಸೂರ್ಯಾಸ್ತ ‘ವರ್ಣಿಸಲಸದಳ’. ಆ ಸೇರು ನಮ್ಮ ಆಫೀಸಿಗೆ ಬರುವ ಹಂಪಿ ಲೇಖನಗಳಲ್ಲೆಲ್ಲ ಇರುತ್ತದೆ. ಒಂದು ಸೇರಿಗೆ ಎಷ್ಟು ಮುತ್ತು ಹಿಡಿಯುತ್ತದೆ ಎಂದು ಇದುವರೆಗೆ ಒಬ್ಬರೂ ಬರೆದಿಲ್ಲ. ವರ್ಣಿಸೋಕೆ ಆಗದ ಸೂರ್ಯಾಸ್ತ ಇದ್ದರೆ ಅದನ್ನು ಬಿಟ್ಟು ಮುಂದೆ ಹೋಗಿ, ಪರವಾಗಿಲ್ಲ.

ತಪ್ಪುಗಳೂ ಇವೆ. ಕಲ್ಲಿನ ರಥವನ್ನು ಒಂದೇ ಬಂಡೆಯಲ್ಲಿ ಕೆತ್ತಿದ್ದು ಎಂದಿದ್ದೀರಿ. ಅಲ್ಲ. ಹಲವು ಕಲ್ಲುಗಳನ್ನು ಜೋಡಿಸಿ ಕಟ್ಟಿದ ಗರುಡನ ಗುಡಿ ಅದು. ಕೀಲುಗಳು ಕೆತ್ತನೆಯೊಳಗೆ ಮರೆಯಾಗಿವೆ, ಹತ್ತಿರ ನಿಂತು ನೋಡಿದರೆ ಕಾಣುತ್ತದೆ. ಹಂಪಿಯನ್ನು ಬಳ್ಳಾರಿ ಜಿಲ್ಲೆಗೆ ಸೇರಿಸಿದ್ದೀರಿ. 2021ರಿಂದ ಅದು ವಿಜಯನಗರ ಜಿಲ್ಲೆ. ಇನ್ನು ‘ಸಂಗೀತ ಕಂಬಗಳನ್ನು ತಟ್ಟಿ ಸಪ್ತಸ್ವರ ಕೇಳಿ ಧನ್ಯರಾದೆವು’ ಎಂಬ ಸಾಲು. ಆ ಕಂಬಗಳನ್ನು ತಟ್ಟುವಂತಿಲ್ಲ ಸ್ವಾಮಿ. ತಟ್ಟಿದ್ದು ನಿಜವಾದರೆ ಬರೆಯಬಾರದಿತ್ತು. ಯಾರೋ ಬರೆದದ್ದನ್ನು ಎತ್ತಿಕೊಂಡಿದ್ದರೆ, ಇನ್ನೂ ಬರೆಯಬಾರದಿತ್ತು.

ಈಗ ಹನ್ನೊಂದನೇ ಪ್ಯಾರಾ. ನಿಮ್ಮದೇ ಸಾಲುಗಳು ಇವು: ‘ತಳವಾರಘಟ್ಟದಲ್ಲಿ ತೆಪ್ಪ ಹತ್ತಿದೆವು. ಹೊಳೆಯ ನಡುವೆ ತೆಪ್ಪದವರು ಹುಟ್ಟು ಹಾಕುವುದು ನಿಲ್ಲಿಸಿ ತೆಪ್ಪವನ್ನು ಗಿರಗಿರನೆ ತಿರುಗಿಸಿದರು. ಯಾಕೆ ಎಂದರೆ, ತಿರುಗಿಸ್ಲಿಲ್ಲಂದ್ರ ನಿಮಗ ರೊಕ್ಕ ಕೊಟ್ಟಂಗ ಅನ್ಸಂಗಿಲ್ರೀ ಎಂದರು. ನಂತರ ಆನೆಗುಂದಿ ತಲುಪಿ ಎಳನೀರು ಕುಡಿದೆವು.’

ಅಯ್ಯೋ! ಎಳನೀರು ಹಾಗಿರಲಿ, ಅಲ್ಲಿ ನಿಲ್ಲಬೇಕಿತ್ತು ನೀವು.

1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ್ ಪ್ರವಾಸಿ ಇದೇ ಹೊಳೆ ನೋಡಿದ್ದ. ಆನೆಗುಂದಿಗೆ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ದಾಟುತ್ತಾರೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ ಎಂದು ಬರೆದ. ಇನ್ನೂ ಒಂದು ಮಾತು ಬರೆದ: ಇವು ಬೇರೆ ದೋಣಿಗಳ ಹಾಗೆ ನೆಟ್ಟಗೆ ಹೋಗಲಾರವು, ಸದಾ ಸುತ್ತುತ್ತಲೇ ಇರುತ್ತವೆ. ಐನೂರು ವರ್ಷದ ಹಿಂದೆ ಬಂದವನಿಗೆ ಆ ಸುತ್ತು ದೋಣಿಯ ದೋಷವಾಗಿ ಕಂಡಿತು. ನೀವು ಕೂತ ತೆಪ್ಪ ಹೊಳೆಯ ನಡುವಿನವರೆಗೆ ನೆಟ್ಟಗೇ ಹೋಗಿತ್ತು. ಆಮೇಲೆ ನಿಮಗೋಸ್ಕರ ಅದನ್ನು ಸುತ್ತಿಸಿದರು. ಆ ಸುತ್ತಿಗೇ ಈಗ ರೊಕ್ಕ. ಇದಕ್ಕಿಂತ ಒಳ್ಳೇ ಐಡಿಯಾ ಈ ವರ್ಷ ನನ್ನ ಮೇಜಿಗೆ ಬಂದಿಲ್ಲ. ನೀವು ಮೂರು ಸಾಲಿನಲ್ಲಿ ಅದನ್ನು ದಾಟಿಬಿಟ್ಟಿರಿ.

‘ಹಂಪಿ ಬಗ್ಗೆ ಬರೆಯಲೇ ಸಾರ್?’ ಎಂದು ದಿನಾ ಯಾರಾದರೂ ಕೇಳುತ್ತಾರೆ. ಹಂಪಿ ಒಂದು ಊರು. ಐವತ್ತು ರೂಪಾಯಿ ನೋಟಿನ ಹಿಂದೆ ಅದರ ರಥ ಇದೆ, ಎಲ್ಲರ ಜೇಬಿನಲ್ಲೂ ಇದೆ. ಅಲ್ಲಿ ಯಾರಿಗೆ ಏನಾಗುತ್ತಿದೆ, ಏನು ಬದಲಾಗಿದೆ ಅಂದಾಗ ಐಡಿಯಾ ಶುರುವಾಗುತ್ತದೆ. ಹಾಗಾಗಿ 2,400 ಪದ ಬರೆದು ಕಳಿಸುವ ಮೊದಲು ಆರೇಳು ಸಾಲು ಕಳಿಸಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಬರೆಯುತ್ತಿದ್ದೆ:

‘ತಳವಾರಘಟ್ಟದಿಂದ ಆನೆಗುಂದಿಗೆ ಜನರನ್ನು ದಾಟಿಸುವ ತೆಪ್ಪದವರ ಬಗ್ಗೆ ಬರೆಯಬೇಕೆಂದಿದ್ದೇನೆ. ಇಲ್ಲಿನ ದೋಣಿಗಳು ನೆಟ್ಟಗೆ ಹೋಗುವುದಿಲ್ಲ ಎಂದು ಪಾಯೆಸ್ ಬರೆದಿದ್ದ. ಈಗ ಪ್ರವಾಸಿಗರ ಖುಷಿಗೆ ಅವನ್ನು ಬೇಕೆಂದೇ ಸುತ್ತಿಸುತ್ತಾರೆ. ಆನೆಗುಂದಿಗೆ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿಯಿತು, ಆಮೇಲೆ ಬೇರೆ ಕಡೆ ಸೇತುವೆ ಆಯಿತು. ಈಗ ಊರವರಲ್ಲಿ ತೆಪ್ಪ ಹತ್ತುವವರು ಯಾರು? ಡ್ಯಾಂನಿಂದ ನೀರು ಬಿಟ್ಟ ದಿನ ತೆಪ್ಪದವರ ಮನೆ ಹೇಗೆ ನಡೆಯುತ್ತದೆ? ಒಂದು ಮನೆಯವರ ಜೊತೆ ಒಂದು ದಿನ ಇದ್ದು ಬರೆಯುತ್ತೇನೆ. 1,200 ಪದ, ಎಂಟು ಫೋಟೊ. ಮುಂದಿನ ತಿಂಗಳು ಹೋಗುತ್ತಿದ್ದೇನೆ.’

ಇಷ್ಟು ಸಾಕು. ‘ಚಿಕ್ಕಂದಿನಿಂದಲೂ ನನಗೆ ಪ್ರವಾಸವೆಂದರೆ ಪ್ರಾಣ’ ಎಂಬುದು ಬೇಡ. ಪ್ರಾಣ ಅಲ್ಲದವರು ನಮಗೆ ಬರೆಯುವುದೇ ಇಲ್ಲ.

ಈ ಐಡಿಯಾ ಬೇರೆಯವರಿಗೆ ಕೊಟ್ಟುಬಿಡ್ತೀರಾ ಎಂದು ನಿಮಗೆ ಅನ್ನಿಸಬಹುದು. ಕೊಡಲ್ಲ. ಅದು ನಿಮ್ಮದು, ಆ ಮಾತು ಕೇಳಿಸಿಕೊಂಡವರು ನೀವು. ಆದರೆ ಇನ್ನೂ ಕೇಳೋದು ಬಾಕಿ ಇದೆ. ಅದನ್ನು ಅಲ್ಲಿನವರು ತೆಪ್ಪ ಅಂತಾರಾ, ಹರಿಗೋಲು ಅಂತಾರಾ? ಚರ್ಮ ಹೋಗಿ ಈಗ ತಳಕ್ಕೆ ಏನು ಹಾಕುತ್ತಾರೆ? ಒಂದು ತೆಪ್ಪ ಎಷ್ಟು ಮಳೆಗಾಲ ಬಾಳುತ್ತದೆ? ಹೊಳೆಯ ಈಚೆ ವಿಜಯನಗರ ಜಿಲ್ಲೆ, ಆಚೆ ಕೊಪ್ಪಳ. ಎರಡು ಜಿಲ್ಲೆ ನಡುವೆ ತೆಪ್ಪ ಹಾಕೋಕೆ ಯಾರ ಅನುಮತಿ ಬೇಕು?

ಸಮಯದ ಬಗ್ಗೆಯೂ ಒಂದು ಮಾತು. ಜೋಗದ ಲೇಖನಗಳು ನಮಗೆ ಆಗಸ್ಟ್ ಕೊನೆಗೆ ಬರುತ್ತವೆ, ನೋಡಿ ಬಂದ ಹುಮ್ಮಸ್ಸಿನಲ್ಲಿ. ಅಷ್ಟು ಹೊತ್ತಿಗೆ ಸೆಪ್ಟೆಂಬರ್ ಸಂಚಿಕೆ ಪ್ರೆಸ್‌ಗೆ ಹೋಗಿರುತ್ತದೆ. ಮುಂದಿನ ಸಂಚಿಕೆ ಓದುಗರ ಕೈ ಸೇರುವಾಗ ಜೋಗದಲ್ಲಿ ನೀರು ಇಳಿದಿರುತ್ತದೆ. ತಿಂಗಳ ಪತ್ರಿಕೆಗೆ ಎರಡು ಮೂರು ತಿಂಗಳು ಮೊದಲೇ ಕೇಳಿ. ನಿಮ್ಮ ವಿಷಯಕ್ಕೆ ಇದು ಅನುಕೂಲವೇ. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಂನಿಂದ ಜಾಸ್ತಿ ನೀರು ಬಿಟ್ಟರೆ ಪುರಂದರ ಮಂಟಪ ಮುಳುಗುತ್ತದೆ, ತೆಪ್ಪಗಳು ದಡದಲ್ಲಿ ಬೋರಲು ಬೀಳುತ್ತವೆ. ಪ್ರವಾಸಿಗರು ಮಂಟಪದ ಫೋಟೊ ತೆಗೆಯುತ್ತಾರೆ. ನೀವು ಅವತ್ತು ಬೋರಲು ಬಿದ್ದ ತೆಪ್ಪದ ಪಕ್ಕ ಕೂತಿರಬೇಕು.

ಫೋಟೊ ಎಂದಾಗ ನೆನಪಾಯಿತು. ವಾಟ್ಸ್ಆ್ಯಪ್‌ನಲ್ಲಿ 46 ಕಳಿಸಿದ್ದೀರಿ. ಅದರಲ್ಲಿ ಬಂದ ಫೋಟೊ ಕುಗ್ಗಿರುತ್ತದೆ, ಅಚ್ಚಿನಲ್ಲಿ ಮಸುಕು. ಒರಿಜಿನಲ್ ಫೈಲನ್ನೇ ಮೇಲ್ ಮಾಡಿ, ಪ್ರತಿಯೊಂದಕ್ಕೂ ಒಂದು ಸಾಲು ವಿವರ ಇರಲಿ. ಹನ್ನೊಂದರಲ್ಲಿ ನೀವೇ ಇದ್ದೀರಿ. ತೆಪ್ಪದ್ದು ಒಂದೇ ಒಂದು, ಅದರಲ್ಲೂ ಕಾಣುವುದು ನಿಮ್ಮ ಗೆಳೆಯರ ಬೆನ್ನು.

ಕೊನೆಗೆ ‘ಸಂಭಾವನೆ ಎಷ್ಟು?’ ಎಂದು ಕೇಳಿದ್ದೀರಿ. ಕೇಳಿದ್ದು ಸರಿ. ಸಂಕೋಚಪಟ್ಟು ಆಮೇಲೆ ಬೈಕೊಳ್ಳೋರೇ ಜಾಸ್ತಿ. ನಾವು ಕೊಡುವುದರಲ್ಲಿ ಸ್ಲೀಪರ್ ಟಿಕೆಟ್, ತೆಪ್ಪದ ಬಾಡಿಗೆ, ಎರಡು ದಿನದ ಊಟ ಆಗುತ್ತದೆ. ರೂಮಿನ ಬಾಡಿಗೆ ಆಗಲ್ಲ. ಅದೂ ಪ್ರಕಟವಾದ ಮೇಲೆ. ಆದ್ದರಿಂದ ಹೋದ ಮೇಲೆ ಒಂದೇ ಲೇಖನ ಹಿಡಿದು ವಾಪಸ್ ಬರಬೇಡಿ. ಆನೆಗುಂದಿಯಲ್ಲಿ ಬಾಳೆನಾರಿನಿಂದ ಬುಟ್ಟಿ, ಚೀಲ ಹೆಣೆಯುವ ಹೆಂಗಸರಿದ್ದಾರೆ. ವಿರೂಪಾಕ್ಷ ಗುಡಿಯಲ್ಲಿ ಗೋಪುರದ ನೆರಳು ಕಿಂಡಿಯಿಂದ ತಲೆಕೆಳಗಾಗಿ ಗೋಡೆಗೆ ಬೀಳುತ್ತದೆ. ದಿನವಿಡೀ ಅದನ್ನು ತೋರಿಸುವವರು ಅಲ್ಲಿರುತ್ತಾರೆ, ಅವರನ್ನು ಮಾತಾಡಿಸಿ. ಇವೆರಡನ್ನು ಬೇರೆ ಬೇರೆ ಪತ್ರಿಕೆಗೆ ಕಳಿಸಿ, ನನ್ನ ಅಭ್ಯಂತರ ಇಲ್ಲ. ಯಾವುದಾದರೂ ರೆಸಾರ್ಟ್‌ನವರು ಬಿಟ್ಟಿ ರೂಮ್ ಕೊಟ್ಟರೆ ಮಾತ್ರ ಮೊದಲೇ ತಿಳಿಸಿ.

ತೆಪ್ಪದ ಆರು ಸಾಲು ನನಗೊಬ್ಬನಿಗೇ ಬರಲಿ. ಎರಡು ವಾರದಲ್ಲಿ ಉತ್ತರ ಕೊಡುತ್ತೇನೆ. ಕೊಡದಿದ್ದರೆ ಫೋನ್ ಮಾಡಿ ಬೈಯಿರಿ.

ಅಂದಹಾಗೆ, ಗೊರಕೆ ಹೊಡೆದ ಗೆಳೆಯರ ಹೆಸರು ನಿಮ್ಮ ಲೇಖನದಲ್ಲಿ ನಾಲ್ಕು ಸಲ ಬಂದಿದೆ. ಆ ತೆಪ್ಪದವರ ಹೆಸರೇನು?